ಊರಿಗೊಂದು ಗಡಿಯಾರ: ದೂರದ ಟ್ರಯಥ್ಲಾನ್ ಪಥಗಳ ಚರಿತ್ರೆ

ದೂರದ ಟ್ರಯಥ್ಲಾನಿನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಸವಾರಿ, 42.195 ಕಿ.ಮೀ. ಓಟ ಒಂದರ ಬೆನ್ನಿಗೊಂದು ಬರುತ್ತವೆ. ಗಡಿಯಾರ ನಡುವೆ ಎಲ್ಲೂ ನಿಲ್ಲುವುದಿಲ್ಲ; ಒದ್ದೆ ಮೈಯಲ್ಲೇ ಬೂಟು ಹಾಕಿಕೊಂಡು ಸೈಕಲ್ ಹತ್ತುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. 400 ಮೀಟರಿನ ಓಟದ ಟ್ರ್ಯಾಕು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದ್ದರೂ ಬರ್ಲಿನ್ನಿನಲ್ಲಿದ್ದರೂ 400 ಮೀಟರೇ. ಈಜುಕೊಳದ ನೀರು ಎಲ್ಲ ಊರಿನಲ್ಲೂ ನಿಂತ ನೀರೇ. ಟ್ರಯಥ್ಲಾನಿಗೆ ಇಂಥ ಸಿದ್ಧ ಅಂಗಳವಿಲ್ಲ. ಊರಿಗೆ ಕಡಲಿದ್ದರೆ ಕಡಲು, ಕೆರೆಯಿದ್ದರೆ ಕೆರೆ, ಕಾಲುವೆಯಿದ್ದರೆ ಕಾಲುವೆ. ಅಲ್ಲಿಂದ ಮುಂದೆ ಆ ಊರಿನ ರಸ್ತೆಗಳು. ಗುರಿಗೆರೆಯಲ್ಲಿ ಗಡಿಯಾರ ತೋರಿಸುವ ಅಂಕಿಯಲ್ಲಿ ಸ್ಪರ್ಧಿಯ ಪಾಲೆಷ್ಟು, ಊರಿನ ಪಾಲೆಷ್ಟು ಎಂಬ ಲೆಕ್ಕ ಈ ಆಟ ಹುಟ್ಟಿದ ದಿನದಿಂದಲೂ ಅದರ ಜೊತೆಗಿದೆ.

ಮ್ಯಾರಥಾನ್ ಕೂಡ ಊರ ರಸ್ತೆಯಲ್ಲೇ ನಡೆಯುತ್ತದೆ. ಆದರೆ ಅಲ್ಲಿ ದಾಖಲೆಗೆ ಕಟ್ಟುಪಾಡುಗಳಿವೆ. ಆರಂಭ ಮತ್ತು ಕೊನೆಯ ಜಾಗಗಳ ನಡುವಿನ ನೇರ ಅಂತರ ಒಟ್ಟು ದೂರದ ಅರ್ಧವನ್ನು ಮೀರಬಾರದು; ಪಥವು ಒಟ್ಟಾರೆ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಯಬಾರದು. 2011ರಲ್ಲಿ ಬೋಸ್ಟನ್ನಿನಲ್ಲಿ ಜೆಫ್ರಿ ಮುಟಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರೂ ಅದು ವಿಶ್ವದಾಖಲೆ ಎನಿಸಲಿಲ್ಲ. ಬೋಸ್ಟನ್ ಪಥ ಎರಡೂ ನಿಯಮಗಳನ್ನು ಮೀರುತ್ತದೆ. ದೂರದ ಟ್ರಯಥ್ಲಾನಿನಲ್ಲಿ ಇಂಥ ಸೋಸುವಿಕೆ ಬೆಳೆದೇ ಇಲ್ಲ. ಪತ್ರಿಕೆಗಳು ‘ವಿಶ್ವದಾಖಲೆ’ ಎಂದು ಬರೆಯುವುದು ಅತಿ ಕಡಿಮೆ ಸಮಯವನ್ನಷ್ಟೆ. ಅದು ಯಾವ ನೀರಿನಲ್ಲಿ, ಯಾವ ಗಾಳಿಯಲ್ಲಿ ಸಿಕ್ಕಿತೆಂದು ಕೇಳುವ ನಿಯಮಪುಸ್ತಕವಿಲ್ಲ.

ಅಷ್ಟೇಕೆ, ಈ ಆಟದ ಅಳತೆಗಳೇ ಒಂದು ಊರಿನ ಅಳತೆಗಳು. 1970ರ ದಶಕದಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ ಮೂರು ಬೇರೆ ಬೇರೆ ಸ್ಪರ್ಧೆಗಳು ನಡೆಯುತ್ತಿದ್ದವು: ವೈಕೀಕೀ ಕಡಲಿನ 2.4 ಮೈಲಿ ಈಜು, ದ್ವೀಪ ಸುತ್ತುವ 115 ಮೈಲಿಯ ಸೈಕಲ್ ಸವಾರಿ, ಹೊನೊಲುಲು ಮ್ಯಾರಥಾನ್. ಈಜುಗಾರ ಗಟ್ಟಿಯೋ ಓಟಗಾರ ಗಟ್ಟಿಯೋ ಎಂಬ ಹರಟೆ 1977ರಲ್ಲಿ ಓಟದ ಸ್ಪರ್ಧೆಯೊಂದರ ಬಹುಮಾನ ವಿತರಣೆಯ ವೇಳೆ ಎದ್ದಿತು. ಅಮೆರಿಕದ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮೂರನ್ನೂ ಒಂದೇ ದಿನಕ್ಕೆ ಹೊಲಿದುಬಿಟ್ಟರು. ಸೈಕಲ್ ಹಾದಿಯಲ್ಲಿ ಮೂರು ಮೈಲಿ ಕತ್ತರಿಸಿದರೆ ಈಜು ಮುಗಿಯುವ ದಡದಿಂದ ಹೊರಟು, ದ್ವೀಪ ಸುತ್ತಿ, ಮ್ಯಾರಥಾನ್ ಶುರುವಾಗುವ ಅಲೋಹಾ ಗೋಪುರದ ಬಳಿಗೆ ಸರಿಯಾಗಿ ಬಂದು ಸೇರಬಹುದಿತ್ತು. ಹೀಗೆ 115 ಮೈಲಿ 112 ಆಯಿತು, ಅಂದರೆ 180 ಕಿ.ಮೀ. ಇಂದು ಜರ್ಮನಿಯಲ್ಲೋ ಆಸ್ಟ್ರೇಲಿಯದಲ್ಲೋ ಸ್ಪರ್ಧಿಗಳು 180 ಕಿ.ಮೀ. ಸೈಕಲ್ ತುಳಿಯುತ್ತಾರೆಂದರೆ ಅದಕ್ಕೆ ದೇಹಶಾಸ್ತ್ರದ ಕಾರಣವೇನೂ ಇಲ್ಲ. ಪೆಸಿಫಿಕ್ಕಿನ ಒಂದು ದ್ವೀಪದ ಸುತ್ತಳತೆಯನ್ನು ಲೋಕವೆಲ್ಲ ಅಳತೆಗೋಲಾಗಿ ಒಪ್ಪಿಕೊಂಡಿದೆ, ಅಷ್ಟೆ.

1978ರ ಫೆಬ್ರುವರಿ 18ರಂದು 15 ಮಂದಿ ನೀರಿಗಿಳಿದರು, 12 ಮಂದಿ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್ ತೆಗೆದುಕೊಂಡದ್ದು 11 ಗಂಟೆ 46 ನಿಮಿಷ 58 ಸೆಕೆಂಡು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ನೆರವಿನ ತಂಡದ ಬಳಿ ಓಟದ ಮಧ್ಯೆ ನೀರು ಮುಗಿದು, ಅವರಿಗೆ ಬಿಯರ್ ಕೊಟ್ಟರೆಂಬ ಕಥೆ ಈ ಆಟದ ಪುರಾಣಗಳಲ್ಲಿ ಮೊದಲನೆಯದು. ಮರುವರ್ಷ ಬಿರುಗಾಳಿಯಿಂದ ಸ್ಪರ್ಧೆ ಒಂದು ದಿನ ಮುಂದಕ್ಕೆ ಹೋಯಿತು. ಟಾಮ್ ವಾರನ್ 11 ಗಂಟೆ 15 ನಿಮಿಷ 56 ಸೆಕೆಂಡಿನಲ್ಲಿ ಗೆದ್ದರು. 1980ರಲ್ಲಿ ಅಲೆಗಳ ಅಬ್ಬರ ನೋಡಿ ಈಜನ್ನು ತೆರೆದ ವೈಕೀಕೀ ಕಡಲಿನಿಂದ ಅಲಾ ಮೋಆನಾದ ಒಳನೀರಿಗೆ ಸರಿಸಲಾಯಿತು. ಆ ವರ್ಷ ಡೇವ್ ಸ್ಕಾಟ್ 9 ಗಂಟೆ 24 ನಿಮಿಷ 33 ಸೆಕೆಂಡಿನಲ್ಲಿ ಮುಗಿಸಿ, ಹಳೆಯ ಸಮಯದಿಂದ ಒಂದೂ ಮುಕ್ಕಾಲು ಗಂಟೆಗೂ ಹೆಚ್ಚನ್ನು ಕಳೆದರು. ಇದರಲ್ಲಿ ದೊಡ್ಡ ಪಾಲು ಸ್ಕಾಟ್ ಅವರದ್ದೇ. ಮೂರನೆಯ ವರ್ಷಕ್ಕೇ ಪಥ ಬದಲಾಗಿತ್ತೆಂಬುದನ್ನೂ ಗಮನಿಸಬೇಕು. ಮೂರು ವರ್ಷ, ಮೂರು ಸಮಯ. ಒಂದನ್ನು ಇನ್ನೊಂದರ ಪಕ್ಕ ನ್ಯಾಯವಾಗಿ ಇಡಲು ಆಗಲೇ ಕಷ್ಟವಾಗಿತ್ತು.

1980ರ ಸ್ಪರ್ಧೆಯನ್ನು ಅಮೆರಿಕದ ಟಿ.ವಿ. ತೋರಿಸಿದ ಮೇಲೆ ಜನ ಮುಗಿಬಿದ್ದರು. ಹೊನೊಲುಲುವಿನ ವಾಹನ ದಟ್ಟಣೆಯಲ್ಲಿ ನೂರಾರು ಸೈಕಲ್ಲುಗಳನ್ನು ಬಿಡುವುದು ಅಪಾಯವೆನಿಸಿ, ಸ್ಪರ್ಧೆಯ ಹೊಣೆ ಹೊತ್ತಿದ್ದ ವ್ಯಾಲರಿ ಸಿಲ್ಕ್ 1981ರಲ್ಲಿ ಅದನ್ನು ಹವಾಯಿಯ ದೊಡ್ಡ ದ್ವೀಪದ ಕೈಲುವಾ-ಕೋನಾ ಎಂಬ ಊರಿಗೆ ಒಯ್ದರು. ಆ ವರ್ಷ ಗೆದ್ದ ಜಾನ್ ಹೊವರ್ಡ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದ ಸೈಕಲ್ ಪಟು. ಆದರೂ ಅವರ ಸಮಯ 9 ಗಂಟೆ 38 ನಿಮಿಷ 29 ಸೆಕೆಂಡು, ಹಿಂದಿನ ವರ್ಷದ ಸ್ಕಾಟ್‌ಗಿಂತ ಹದಿನಾಲ್ಕು ನಿಮಿಷ ನಿಧಾನ. ಸಂಚಾರದ ಸುರಕ್ಷತೆಗೆಂದು ಮಾಡಿದ ಈ ಸ್ಥಳಾಂತರ ಮುಂದಿನ ನಾಲ್ಕು ದಶಕ ಇಡೀ ಆಟದ ಗುಣವನ್ನೇ ನಿರ್ಧರಿಸಿತು. ಕೋನಾವನ್ನು ಆರಿಸಿದ್ದು ಅಲ್ಲಿ ಕಷ್ಟವಿದೆಯೆಂದಲ್ಲ, ರಸ್ತೆ ಖಾಲಿಯಿದೆಯೆಂದು. ಕಷ್ಟ ಜೊತೆಗೆ ಬಂತು.

ಕೋನಾ ಇರುವುದು ಜ್ವಾಲಾಮುಖಿ ಬೆಟ್ಟಗಳ ಮರೆಯ ಒಣ ಕರಾವಳಿಯಲ್ಲಿ. 1970ರ ದಶಕದಲ್ಲಿ ತೆರೆದ ಕ್ವೀನ್ ಕಾಹುಮಾನು ಹೆದ್ದಾರಿ ಕರಿಕಲ್ಲಿನಂತೆ ಹೆಪ್ಪುಗಟ್ಟಿದ ಲಾವಾ ಬಯಲಿನ ನಡುವೆ ಹಾಯುತ್ತದೆ. ಮೈಲಿಗಟ್ಟಲೆ ಒಂದು ಮರದ ನೆರಳಿಲ್ಲ. ಕಪ್ಪು ನೆಲ ಬಿಸಿಲನ್ನು ಹೀರಿ ಮತ್ತೆ ಮೇಲಕ್ಕೆ ಉಗುಳುತ್ತದೆ. ಸೈಕಲ್ ಪಥದ ತುದಿಯ ಹಾವಿ ಎಂಬ ಊರಿನ ಕಡೆಗೆ ಹೋಗುವಾಗ ಬೆಟ್ಟದ ಕಣಿವೆಗಳಿಂದ ನುಗ್ಗುವ ಗಾಳಿಗೆ ಸ್ಥಳೀಯರು ‘ಹೊಓಮುಮುಕು’ ಎನ್ನುತ್ತಾರೆ. ಅಡ್ಡ ಬೀಸಿದರೆ ಅದು ಸೈಕಲ್ಲನ್ನೇ ರಸ್ತೆಯಂಚಿಗೆ ತಳ್ಳುತ್ತದೆ. ಕಡಲಿನ ನೀರು ಸುಮಾರು 26 ಡಿಗ್ರಿ ಬೆಚ್ಚಗಿರುವುದರಿಂದ ವೆಟ್‌ಸೂಟಿಗೆ ಅವಕಾಶವಿಲ್ಲ. ಮೈಯನ್ನು ತೇಲಿಸಿ ಹಿಡಿಯುವ ಈ ರಬ್ಬರ್ ಉಡುಪು ತಣ್ಣೀರಿನ ಊರುಗಳಲ್ಲಿ ಈಜಿನ ಸಮಯದಿಂದ ಕೆಲವು ನಿಮಿಷ ಕಳೆಯುತ್ತದೆ. ಕಾಲು ಬಲವಾಗಿದ್ದು ಈಜು ಸಪ್ಪೆಯಾಗಿರುವವರಿಗೆ ಅದೊಂದು ವರ. ಕೋನಾದಲ್ಲಿ ಆ ವರವಿಲ್ಲ. ಕೊನೆಗೆ, ಸೈಕಲ್ಲಿಳಿದು ಮ್ಯಾರಥಾನ್ ಶುರುವಾಗುವುದು ಮಧ್ಯಾಹ್ನದ ಸೆಖೆಯಲ್ಲಿ.

ಸೆಖೆಯ ಪೆಟ್ಟು ಓಟದಲ್ಲೇ ಹೆಚ್ಚು ಕಾಣುವುದಕ್ಕೆ ಕಾರಣವಿದೆ. ಸೈಕಲ್ ಮೇಲೆ ಗಂಟೆಗೆ 35–40 ಕಿ.ಮೀ. ವೇಗದ ಗಾಳಿ ಮೈಗೆ ಬಡಿದು ಬೆವರನ್ನು ಆರಿಸುತ್ತಿರುತ್ತದೆ. ಓಟಗಾರನಿಗೆ ಆ ಗಾಳಿಯಿಲ್ಲ. ಮೈ ತಣಿಸಲು ಚರ್ಮದ ಕಡೆಗೆ ಹರಿಯುವ ರಕ್ತ ಕಾಲಿನ ಸ್ನಾಯುಗಳ ಪಾಲಿನದ್ದು, ಹೃದಯ ಎರಡೂ ಕಡೆ ದುಡಿಯಬೇಕು. 1989ರಲ್ಲಿ ಡೇವ್ ಸ್ಕಾಟ್ ಜೊತೆ ಭುಜಕ್ಕೆ ಭುಜ ಕೊಟ್ಟು ಓಡಿ ಗೆದ್ದ ಮಾರ್ಕ್ ಆಲನ್ ಅವರ 2 ಗಂಟೆ 40 ನಿಮಿಷ 4 ಸೆಕೆಂಡಿನ ಮ್ಯಾರಥಾನ್ ಭಾಗವನ್ನು ಕೋನಾದಲ್ಲಿ ಯಾರಾದರೂ ಮುರಿಯಲು 2016 ಬರಬೇಕಾಯಿತು. ಪ್ಯಾಟ್ರಿಕ್ ಲಾಂಗ ಮುರಿದದ್ದೂ ಬರೀ 19 ಸೆಕೆಂಡಿನಿಂದ. ಇಪ್ಪತ್ತೇಳು ವರ್ಷಗಳಲ್ಲಿ ಸೈಕಲ್ಲು, ಬೂಟು, ಆಹಾರ, ತರಬೇತಿ ಎಲ್ಲ ಬದಲಾಗಿದ್ದವು. ಬಿಸಿಲು ಬದಲಾಗಿರಲಿಲ್ಲ.

ಏರು ಮತ್ತು ಎದುರುಗಾಳಿಯ ವಿಷಯದಲ್ಲಿ ಜನ ಸಾಮಾನ್ಯವಾಗಿ ತಪ್ಪುವ ಒಂದು ಲೆಕ್ಕವಿದೆ. ಪಥ ಹೊರಟಲ್ಲಿಗೇ ಮರಳುವುದಾದರೆ ಏರಿದ್ದೆಲ್ಲ ಇಳಿಯಲೇಬೇಕು, ಕಳೆದದ್ದು ಮರಳಿ ಸಿಗುತ್ತದೆ ಎಂದು ಅನಿಸುತ್ತದೆ. ಸಿಗುವುದಿಲ್ಲ. ಸಮತಟ್ಟಿನಲ್ಲಿ ಗಂಟೆಗೆ 30 ಕಿ.ಮೀ. ಹೋಗುವವರು 20 ಕಿ.ಮೀ. ದೂರವನ್ನು 40 ನಿಮಿಷಕ್ಕೆ ಮುಗಿಸುತ್ತಾರೆ. ಅದೇ 20 ಕಿ.ಮೀ.ಯಲ್ಲಿ 10 ಏರು, 10 ಇಳಿಜಾರು ಎಂದುಕೊಳ್ಳಿ. ಏರಿನಲ್ಲಿ ವೇಗ 15ಕ್ಕೆ ಇಳಿದು, ಇಳಿಜಾರಿನಲ್ಲಿ 45ಕ್ಕೆ ಏರಿತು. ಏರಿಗೆ 40 ನಿಮಿಷ, ಇಳಿಜಾರಿಗೆ 13 ನಿಮಿಷ 20 ಸೆಕೆಂಡು. ಹದಿಮೂರು ನಿಮಿಷ ಎಲ್ಲಿಗೋ ಹೋಯಿತು. ನಿಧಾನದ ಭಾಗದಲ್ಲಿ ಹೆಚ್ಚು ಹೊತ್ತು ಕಳೆಯುತ್ತೇವೆ, ವೇಗದ ಭಾಗ ಬೇಗ ಮುಗಿದುಹೋಗುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಎಂಬುದಕ್ಕೂ ಇದೇ ಲೆಕ್ಕ.

ಕೋನಾಕ್ಕೆ ತದ್ವಿರುದ್ಧವಾದ ಪಥ ಬೆಳೆದದ್ದು ಜರ್ಮನಿಯ ಬವೇರಿಯಾದ ರೋಟ್ ಎಂಬ ಸಣ್ಣ ಪಟ್ಟಣದಲ್ಲಿ. 1984ರಲ್ಲಿ ಡೆಟ್ಲೆಫ್ ಕ್ಯೂನಲ್ ಅಲ್ಲೊಂದು ಚಿಕ್ಕ ಟ್ರಯಥ್ಲಾನ್ ಶುರುಮಾಡಿದರು. 1988ರಿಂದ ಪೂರ್ತಿ ದೂರದ ಸ್ಪರ್ಧೆ. 2001ರವರೆಗೆ ಅದು ಹವಾಯಿಯ ಸ್ಪರ್ಧೆಯ ‘ಐರನ್‌ಮ್ಯಾನ್’ ಹೆಸರಿನಲ್ಲೇ ಇತ್ತು, 2002ರಿಂದ ‘ಚಾಲೆಂಜ್ ರೋಟ್’. ಈಜು ಮೈನ್-ಡ್ಯಾನ್ಯೂಬ್ ಹಡಗು ಕಾಲುವೆಯಲ್ಲಿ. ಆ ಬೆಳಿಗ್ಗೆ ಹಡಗುಗಳನ್ನು ನಿಲ್ಲಿಸುತ್ತಾರೆ. ಅಲೆಯಿಲ್ಲ, ಸೆಳವಿಲ್ಲ, ದಡ ಹಿಡಿದು ನೇರ ಈಜಿದರೆ ದಿಕ್ಕು ತಪ್ಪುವ ಭಯವೂ ಇಲ್ಲ. ಬಹುತೇಕ ವರ್ಷ ವೆಟ್‌ಸೂಟಿಗೆ ಅನುಮತಿಯಿರುವಷ್ಟು ತಂಪು ನೀರು. ಸೈಕಲ್ ಹಾದಿಯಲ್ಲಿ ದಿಣ್ಣೆಗಳಿವೆ, ಆದರೆ ವೇಗ ಮುರಿಯದಂಥವು, ಡಾಂಬರು ನುಣುಪು. ಹಿಲ್ಪೋಲ್ಟ್‌ಸ್ಟೈನ್ ಊರಿನ ಸೋಲಾರರ್ ಬರ್ಗ್ ಏರಿನಲ್ಲಿ ಜನ ಎರಡೂ ಬದಿಯಿಂದ ಒತ್ತಿ ನಿಂತು, ಒಂದು ಸೈಕಲ್ ಹಾಯುವಷ್ಟೇ ದಾರಿ ಬಿಡುತ್ತಾರೆ. ಆ ಕೂಗಾಟದಿಂದ ಎಷ್ಟು ಸೆಕೆಂಡು ಉಳಿಯುತ್ತದೆಂದು ಅಳೆಯಲಾಗದು, ಆದರೆ ಅಲ್ಲಿ ನಿಧಾನವಾಗಿ ಏರಿದವರು ಅಪರೂಪ.

ಎಂಟು ಗಂಟೆಯೊಳಗಿನ ಮೊದಲ ಸಮಯ ಬಂದದ್ದು ಇಲ್ಲೇ: 1996ರಲ್ಲಿ ಲೋಥಾರ್ ಲೇಡರ್, 7 ಗಂಟೆ 57 ನಿಮಿಷ 2 ಸೆಕೆಂಡು. ಕೋನಾದಲ್ಲಿ ಎಂಟು ಗಂಟೆಯ ಗೆರೆ ದಾಟಲು 2018 ಬೇಕಾಯಿತು. ಜಾಗದ ಪಾಲನ್ನು ಬೇರ್ಪಡಿಸಿ ನೋಡಲು ಒಬ್ಬರೇ ಸ್ಪರ್ಧಿ, ಒಂದೇ ವರ್ಷ, ಎರಡು ಊರು ಎಂಬಂಥ ಉದಾಹರಣೆ ಬೇಕು. ಅಂಥವು ಸಿಗುತ್ತವೆ. ಜರ್ಮನಿಯ ಯಾನ್ ಫ್ರೋಡೆನೊ 2016ರ ಜುಲೈಯಲ್ಲಿ ರೋಟ್ ಪಥವನ್ನು 7 ಗಂಟೆ 35 ನಿಮಿಷ 39 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಅಕ್ಟೋಬರಿನಲ್ಲಿ ಕೋನಾದಲ್ಲಿ ಗೆದ್ದಾಗ 8 ಗಂಟೆ 6 ನಿಮಿಷ 30 ಸೆಕೆಂಡು. ಬ್ರಿಟನ್ನಿನ ಕ್ರಿಸ್ಸಿ ವೆಲಿಂಗ್ಟನ್ 2011ರಲ್ಲಿ ರೋಟ್‌ನಲ್ಲಿ 8 ಗಂಟೆ 18 ನಿಮಿಷ 13 ಸೆಕೆಂಡು, ಕೋನಾದಲ್ಲಿ 8 ಗಂಟೆ 55 ನಿಮಿಷ 8 ಸೆಕೆಂಡು. ಕೋನಾಕ್ಕೆ ಎರಡು ವಾರ ಮುಂಚೆ ಅವರು ಸೈಕಲ್ಲಿನಿಂದ ಬಿದ್ದು ಗಾಯಗೊಂಡಿದ್ದರು; ಆ ವ್ಯತ್ಯಾಸವೆಲ್ಲ ಜಾಗದ್ದಲ್ಲ. ಆದರೂ ಆ ಕಾಲಕ್ಕೆ ಎರಡು ಊರುಗಳ ನಡುವಿನ ಅಂತರ ಅರ್ಧ ಗಂಟೆ ಎಂದರೆ ದೊಡ್ಡ ತಪ್ಪಾಗದು. ಇತ್ತೀಚೆಗೆ ಅದು ಕಿರಿದಾಗುತ್ತಿದೆ. 2024ರಲ್ಲಿ ಡೆನ್ಮಾರ್ಕಿನ ಮ್ಯಾಗ್ನಸ್ ಡಿಟ್ಲೆವ್ ರೋಟ್‌ನಲ್ಲಿ 7 ಗಂಟೆ 23 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ, ಕೋನಾದಲ್ಲಿ ಎರಡನೆಯವರಾದಾಗ ಅದಕ್ಕಿಂತ ಸುಮಾರು 20 ನಿಮಿಷ ಹೆಚ್ಚು ತೆಗೆದುಕೊಂಡರು. ಗಾಳಿಯನ್ನು ಸೀಳುವ ಸೈಕಲ್ಲು, ಉಡುಪುಗಳು ಸುಧಾರಿಸಿದಷ್ಟೂ ಗಾಳಿಯ ಊರಿಗೆ ಹೆಚ್ಚು ಲಾಭ. ಕೋನಾದ ಸಮಯಗಳು ಬೇಗ ಇಳಿಯುತ್ತಿರುವುದಕ್ಕೆ ಇದು ಒಂದು ವಿವರಣೆಯಾಗಬಹುದು.

ಜಾಗ ಒಂದೇ ಆದರೂ ದಿನ ಒಂದೇ ಅಲ್ಲ. 2018ರಲ್ಲಿ ಕೋನಾದ ಗಾಳಿ ಅಪರೂಪಕ್ಕೆ ಸುಮ್ಮನಿತ್ತು. ಅಂದೇ ಪ್ಯಾಟ್ರಿಕ್ ಲಾಂಗ 7 ಗಂಟೆ 52 ನಿಮಿಷ 39 ಸೆಕೆಂಡಿಗೆ, ಡನಿಯೆಲಾ ರೂಫ್ 8 ಗಂಟೆ 26 ನಿಮಿಷ 18 ಸೆಕೆಂಡಿಗೆ ಬಂದು, ಗಂಡಸರ ಮತ್ತು ಹೆಂಗಸರ ಎರಡೂ ಪಥದಾಖಲೆಗಳು ಒಟ್ಟಿಗೆ ಬಿದ್ದವು.

ಬೇರೆ ಊರುಗಳು ಒಂದೊಂದು ಕಡೆಗೆ ವಾಲಿವೆ. ಮೆಕ್ಸಿಕೊದ ಕೊಸುಮೆಲ್ ದ್ವೀಪದಲ್ಲಿ ಕಡಲಿನ ಸೆಳವಿನ ಜೊತೆಯಲ್ಲೇ ಈಜಬಹುದು. 2021ರಲ್ಲಿ ನಾರ್ವೆಯ ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್ 3.8 ಕಿ.ಮೀ. ಈಜನ್ನು 40 ನಿಮಿಷದೊಳಗೆ ಮುಗಿಸಿ, ಒಟ್ಟು 7 ಗಂಟೆ 21 ನಿಮಿಷ 12 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ನಿಂತ ನೀರಿನಲ್ಲಿ ಅವರ ಮಟ್ಟದವರಿಗೆ ಈಜಿಗೇ 47–48 ನಿಮಿಷ ಬೇಕು. 1992ರಲ್ಲಿ ಶುರುವಾದ ಸ್ಪೇನಿನ ಲಾಂಸರೋಟೆ ಪಥದಲ್ಲಿ ಸುಮಾರು 2,500 ಮೀಟರ್ ಏರು, ಜೊತೆಗೆ ಬಿಡದೆ ಬೀಸುವ ಗಾಳಿ. ನಾರ್ವೆಯಲ್ಲಿ 2003ರಿಂದ ನಡೆಯುವ ನಾರ್ಸ್‌ಮನ್ ಸ್ಪರ್ಧೆಯಲ್ಲಿ ದೋಣಿಯಿಂದ ಕೊರೆಯುವ ನೀರಿಗೆ ಹಾರಿ, ಕೊನೆಗೆ ಗೌಸ್ತಾತೊಪ್ಪೆನ್ ಬೆಟ್ಟದ ಮೇಲೆ 1,850 ಮೀಟರ್ ಎತ್ತರದಲ್ಲಿ ಮುಗಿಸಬೇಕು. ಅಲ್ಲಿ ಗೆದ್ದವರ ಸಮಯ ಹತ್ತು ಗಂಟೆಯ ಆಸುಪಾಸು. ಯಾರೂ ಅದನ್ನು ರೋಟ್ ಜೊತೆ ಹೋಲಿಸಲು ಹೋಗುವುದಿಲ್ಲ.

ಜಾಗದ ಪ್ರಶ್ನೆ ಮತ್ತೆ ಎಲ್ಲರ ಮುಂದೆ ಬಂದದ್ದು 2023ರಲ್ಲಿ. ಸ್ಪರ್ಧಿಗಳ ಸಂಖ್ಯೆ ಕೋನಾದಂಥ ಸಣ್ಣ ಊರು ತಡೆಯಲಾರದಷ್ಟಾಗಿತ್ತು. ಎರಡು ದಿನ ರಸ್ತೆ ಮುಚ್ಚಲು ಸ್ಥಳೀಯರು ಒಪ್ಪದೆ, ಕೋನಾದಲ್ಲಿ ನಡೆಯುತ್ತಿದ್ದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್ ಗಂಡಸರಿಗೆ ಫ್ರಾನ್ಸಿನ ನೀಸ್‌ನಲ್ಲಿ, ಹೆಂಗಸರಿಗೆ ಕೋನಾದಲ್ಲಿ ನಡೆಯಿತು, ಮರುವರ್ಷ ಅದಲುಬದಲು. ನೀಸ್‌ನ ಸೈಕಲ್ ಹಾದಿ ಕಡಲಂಚಿನಿಂದ ಆಲ್ಪ್ಸ್ ತಪ್ಪಲಿಗೆ ಹತ್ತುತ್ತದೆ, ಒಟ್ಟು ಏರು ಸುಮಾರು 2,400 ಮೀಟರ್. 2023ರಲ್ಲಿ ಅಲ್ಲಿ ಸ್ಯಾಮ್ ಲೇಡ್‌ಲೋ 8 ಗಂಟೆ 6 ನಿಮಿಷ 22 ಸೆಕೆಂಡಿನಲ್ಲಿ ಗೆದ್ದರು; 2024ರಲ್ಲಿ ಕೋನಾದಲ್ಲಿ ಲಾಂಗ ಗೆದ್ದದ್ದು 7 ಗಂಟೆ 35 ನಿಮಿಷ 53 ಸೆಕೆಂಡಿನಲ್ಲಿ. ಹೆಂಗಸರಲ್ಲೂ ಇದೇ ಚಿತ್ರ: ಕೋನಾದಲ್ಲಿ ಲೂಸಿ ಚಾರ್ಲ್ಸ್-ಬಾರ್ಕ್ಲಿ 8 ಗಂಟೆ 24 ನಿಮಿಷ 31 ಸೆಕೆಂಡು, ನೀಸ್‌ನಲ್ಲಿ ಲೌರಾ ಫಿಲಿಪ್ 8 ಗಂಟೆ 45 ನಿಮಿಷ 15 ಸೆಕೆಂಡು. ನಲವತ್ತು ವರ್ಷ ಕಷ್ಟದ ಪಥ ಎನಿಸಿಕೊಂಡ ಕೋನಾ, ನೀಸ್ ಪಕ್ಕದಲ್ಲಿ ಇಟ್ಟ ಕೂಡಲೇ ವೇಗದ ಪಥವಾಯಿತು. ಸಮಯಕ್ಕಿಂತ ಹೆಚ್ಚಾಗಿ ಬದಲಾದದ್ದು ಗೆಲ್ಲುವವರ ಮೈಕಟ್ಟು: ಸಮತಟ್ಟಿನಲ್ಲಿ ತೂಕದ, ಬಲದ ಸವಾರರಿಗೆ ಅನುಕೂಲ, ಬೆಟ್ಟದಲ್ಲಿ ಹಗುರಾದವರಿಗೆ. 2026ರಿಂದ ಇಬ್ಬರ ಸ್ಪರ್ಧೆಯೂ ಒಂದೇ ದಿನ ಕೋನಾದಲ್ಲಿ ಎಂದು 2025ರಲ್ಲಿ ಪ್ರಕಟವಾಯಿತು.

ನಾರ್ಸ್‌ಮನ್‌ನ ಬೆಟ್ಟ ಬಿಟ್ಟರೆ ಈ ಊರುಗಳೆಲ್ಲ ಹೆಚ್ಚುಕಡಿಮೆ ಕಡಲ ಮಟ್ಟದವು ಅಥವಾ ಅದಕ್ಕೆ ಕೆಲವು ನೂರು ಮೀಟರ್ ಮೇಲಿನವು. ಬೆಂಗಳೂರು ಮತ್ತು ಅದರ ಸುತ್ತಲಿನ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಬಯಲು ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ. ಈ ಎತ್ತರ ಎರಡು ವಿರುದ್ಧ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಗಾಳಿ ಕಡಲ ಮಟ್ಟಕ್ಕಿಂತ ಸುಮಾರು ಶೇ 8ರಷ್ಟು ತೆಳು. ವೇಗದ ಸೈಕಲ್ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ತಳ್ಳುವುದಕ್ಕೆ; ಆದ್ದರಿಂದ ಅಷ್ಟೇ ಬಲಕ್ಕೆ ಇಲ್ಲಿ ವೇಗ ಶೇ 2ರಿಂದ 3ರಷ್ಟು ಹೆಚ್ಚು ಸಿಗಬೇಕು. ಆದರೆ ತೆಳು ಗಾಳಿಯಲ್ಲಿ ಆಮ್ಲಜನಕವೂ ಕಡಿಮೆ, ಆ ಬಲವೇ ತುಸು ಕುಗ್ಗುತ್ತದೆ. ಎರಡನ್ನೂ ಕೂಡಿ ಕಳೆದರೆ ಸೈಕಲ್ಲಿನಲ್ಲಿ ಸಣ್ಣ ಲಾಭ ಉಳಿಯುತ್ತದೆ. ಓಟದಲ್ಲಿ ಗಾಳಿಯ ತಡೆ ಅಲ್ಪ, ಹಾಗಾಗಿ ಅಲ್ಲಿ ಉಳಿಯುವುದು ನಷ್ಟವೇ.

ಓಟದ ನಷ್ಟಕ್ಕೆ ಬೆಂಗಳೂರಿನಲ್ಲೇ ಸಾಕ್ಷ್ಯವಿದೆ. 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಬೆಂಗಳೂರು ಓಟಕ್ಕೆ ಲೋಕದ ಮೇಲ್ಪಂಕ್ತಿಯ ಓಟಗಾರರು ಬರುತ್ತಾರೆ. ಅಲ್ಲಿನ ಪಥದಾಖಲೆ 2022ರಲ್ಲಿ ಕೀನ್ಯಾದ ನಿಕೊಲಸ್ ಕಿಮೇಲಿ ಓಡಿದ 27 ನಿಮಿಷ 38 ಸೆಕೆಂಡು. ಉಗಾಂಡದ ಜೋಷುವಾ ಚೆಪ್ಟೆಗೈ 2019ರ ಡಿಸೆಂಬರಿನಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಹತ್ತು ಕಿ.ಮೀ.ಯನ್ನು 26 ನಿಮಿಷ 38 ಸೆಕೆಂಡಿಗೆ ಓಡಿ ಆಗಿನ ವಿಶ್ವದಾಖಲೆ ಬರೆದಿದ್ದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಗೆದ್ದಾಗ ಅವರ ಸಮಯ 27 ನಿಮಿಷ 53 ಸೆಕೆಂಡು. ವಯಸ್ಸು, ಅಂದಿನ ತಂತ್ರ, ಜೊತೆಗಿದ್ದವರ ಗತಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಗೆಲ್ಲಲು ಓಡುವುದೂ ದಾಖಲೆಗೆ ಓಡುವುದೂ ಬೇರೆ. ಹಾಗೆಂದರೂ ವಲೆನ್ಸಿಯಾ ಕಡಲಂಚಿನ ಮಟ್ಟಸ ಊರು, ಅಂದು ಚಳಿಗಾಲ. ಬೆಂಗಳೂರು ದಂಡುಪ್ರದೇಶದ ಏರಿಳಿತಗಳ ಊರು, ಆಗ ಬೇಸಿಗೆ. ಯಾರೂ ದಾಖಲೆ ಮುರಿಯಲೆಂದು ಬೆಂಗಳೂರಿಗೆ ಬರುವುದಿಲ್ಲ.

ಹಾಗಿದ್ದರೆ ಪ್ರಸ್ಥಭೂಮಿಯ ಸೈಕಲ್ ಲಾಭವನ್ನು ನಂಬಿ ಹೊಸಕೋಟೆ ಕಡೆಯಲ್ಲೊಂದು ದೂರದ ಪಥ ಹಾಕಬಹುದೆ? ಕಾಗದದ ಮೇಲೆ ಹಾಕಬಹುದು. ಹಳೇ ಮದ್ರಾಸ್ ರಸ್ತೆ ಹೊಸಕೋಟೆಯಿಂದ ಕೋಲಾರದ ಕಡೆಗೆ ದೊಡ್ಡ ಏರುಗಳಿಲ್ಲದೆ, ಸಣ್ಣ ದಿಣ್ಣೆಗಳ ಮೇಲೆ ಸಾಗುತ್ತದೆ. ಅಗಲವೂ ಇದೆ, ನುಣುಪೂ ಇದೆ. ತೊಡಕು ಶುರುವಾಗುವುದು ನೀರಿನಿಂದ. ಸುಗಟೂರಿನ ತಮ್ಮೇಗೌಡ 16ನೆಯ ಶತಮಾನದ ಕೊನೆಯಲ್ಲಿ ಹೊಸಕೋಟೆಯ ಕೋಟೆಯನ್ನೂ ದೊಡ್ಡ ಕೆರೆಯನ್ನೂ ಕಟ್ಟಿಸಿದ. ದಕ್ಷಿಣ ಪಿನಾಕಿನಿ ನಂಬಿದ ಆ ಕೆರೆ ಬಯಲುಸೀಮೆಯ ಎಲ್ಲ ಕೆರೆಗಳಂತೆ ಮಳೆಯ ಮರ್ಜಿಯದು. ಒಂದು ವರ್ಷ ಕೋಡಿ ಹರಿದರೆ ಇನ್ನೊಂದು ವರ್ಷ ಅಂಗಳದಲ್ಲಿ ದನ ಮೇಯುತ್ತವೆ. ಇಂಥ ದಿನಾಂಕಕ್ಕೆ ಇಷ್ಟು ಆಳದ ಶುದ್ಧ ನೀರು ಎಂದು ವರ್ಷ ಮೊದಲೇ ಮಾತು ಕೊಡಲಾಗದ ಕಡೆ ಟ್ರಯಥ್ಲಾನ್ ನೆಲೆಯೂರದು. ಎರಡನೆಯದು ರಸ್ತೆ. ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದ ಲಾರಿಗಳು, ಪಾಳಿ ಬದಲಾಗುವಾಗ ಕಾರ್ಖಾನೆಗಳ ಬಸ್ಸುಗಳು, ಕೋಲಾರ, ಮಾಲೂರು, ಚಿಂತಾಮಣಿ ಕಡೆಯ ತರಕಾರಿ ಗಾಡಿಗಳು ಒಂದೇ ಕೂಡುರಸ್ತೆಗೆ ಬಂದು ಸೇರುತ್ತವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಬರುವ ಹೆದ್ದಾರಿಯೂ ಸರಕು ಸಾಗಣೆಯದೇ. ಹೊಸಕೋಟೆಯಿಂದ ಚೆನ್ನೈ ಕಡೆಗೆ ಹೊರಡುವ ಹೊಸ ಎಕ್ಸ್‌ಪ್ರೆಸ್ ರಸ್ತೆ ಸೈಕಲ್ಲಿಗಲ್ಲ. ಬೆಳಗಿನ ನಾಲ್ಕು ಗಂಟೆಗೆ ರಸ್ತೆ ಖಾಲಿಯಿದ್ದೀತು ಎನ್ನಲೂ ಆಗದು; ಆ ಹೊತ್ತಿಗೇ ಹೊಸಕೋಟೆಯ ದಮ್ ಬಿರಿಯಾನಿಗೆ ಬೆಂಗಳೂರಿನಿಂದ ಕಾರುಗಳ ಸಾಲು ಬಂದಿರುತ್ತದೆ. 1981ರಲ್ಲಿ ಹೊನೊಲುಲುವನ್ನು ಬಿಡಿಸಿದ್ದೂ ಇಂಥ ವಾಹನ ದಟ್ಟಣೆಯೇ.

ಹೀಗಾಗಿ ಈ ಭಾಗದ ದೂರದ ಟ್ರಯಥ್ಲಾನ್ ಪಟುಗಳ ಚರಿತ್ರೆ ಬೇರೆ ಊರಿಗೆ ಹೋಗಿ ಸ್ಪರ್ಧಿಸಿದವರ ಚರಿತ್ರೆ. ಬೆಂಗಳೂರಿನಲ್ಲಿ ನೆಲೆಸಿದ್ದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದರು. ಮೂರು ದಿನದಲ್ಲಿ 10 ಕಿ.ಮೀ. ಈಜು, ಸುಮಾರು 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಅನಂತರ ಬಂದ ಹವ್ಯಾಸಿಗಳು ಊರನ್ನು ಜಾತಕ ನೋಡುವಂತೆ ನೋಡಿ ಆರಿಸಿದರು. ಮೊದಲ ಸಲ ಪೂರ್ತಿ ದೂರ ಮುಗಿಸಬೇಕೆನ್ನುವವರಿಗೆ ಆಸ್ಟ್ರೇಲಿಯದ ಬಸಲ್ಟನ್, ಸ್ವೀಡನ್ನಿನ ಕಾಲ್ಮಾರ್‌ನಂಥ ಮಟ್ಟಸ ಪಥಗಳು ಹಿಡಿಸುತ್ತವೆ. ಹತ್ತಿರವೆಂದು ಮಲೇಷ್ಯಾದ ಲಂಕಾವಿಗೆ ಹೋದವರಿಗೆ ಸೆಖೆ ಕಾದಿರುತ್ತದೆ. 17 ಗಂಟೆಯ ಗಡುವಿನ ಅಂಚಿನಲ್ಲಿ ಓಡುವ ಹವ್ಯಾಸಿಗೆ ಜಾಗದ ಆಯ್ಕೆ ಗೆಲ್ಲುವವನಿಗಿಂತ ಮುಖ್ಯ. ಗೆಲ್ಲುವವನಿಗೆ ಅದು ಅರ್ಧ ಗಂಟೆಯ ಮಾತು. ಹವ್ಯಾಸಿಗೆ ಎರಡು ಗಂಟೆಯದ್ದೂ ಆಗಬಹುದು, ಪದಕ ಸಿಗುವುದು ಬಿಡುವುದರದ್ದೂ ಆಗಬಹುದು.

ಅರ್ಧ ದೂರದ ಸ್ಪರ್ಧೆಗಳು ಇತ್ತ ಬಂದದ್ದು ತಡವಾಗಿ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟದ ಮೈಲಿಗಳನ್ನು ಕೂಡಿದರೆ 70.3, ಅದೇ ಅದರ ಹೆಸರು. 2018ರ ಫೆಬ್ರುವರಿಯಲ್ಲಿ ಕೊಲಂಬೊದಲ್ಲಿ ಐರನ್‌ಮ್ಯಾನ್ 70.3 ನಡೆಯಿತು, ಭಾರತದ ಮೊದಲನೆಯದು 2019ರ ಅಕ್ಟೋಬರ್ 20ರಂದು ಗೋವೆಯ ಮಿರಾಮಾರ್ ಕಡಲತೀರದಲ್ಲಿ. ಅದನ್ನು ನಡೆಸಿದ ಯೋಸ್ಕಾ ಸಂಸ್ಥೆ ಬೆಂಗಳೂರಿನದು. ಸೇನೆಯ ಬಿಶ್ವರ್ಜಿತ್ ಸೈಖೋಮ್ ನಾಲ್ಕೂ ಮುಕ್ಕಾಲು ಗಂಟೆಯೊಳಗೆ ಮುಗಿಸಿ ಗೆದ್ದರು. ಅಲ್ಲೇ 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಗಡುವು ಎಂಟೂವರೆ ಗಂಟೆ, ಅಂದರೆ ಉಳಿದದ್ದು ಎರಡೂವರೆ ನಿಮಿಷ.

ಬೆಂಗಳೂರು ಗ್ರಾಮಾಂತರದ ರಸ್ತೆಗಳಲ್ಲಿ ಪಳಗಿದ ಮೈಗೆ ಗೋವೆ ಮೂರು ಕಡೆಯಿಂದ ಬೇರೆಯಾಗಿ ಎದುರಾಗುತ್ತದೆ. ಕಡಲು ಬೆಚ್ಚಗಿದ್ದು ವೆಟ್‌ಸೂಟ್ ನಡೆಯದು. ಉಪ್ಪುನೀರು ಮೈಯನ್ನು ತುಸು ಹೆಚ್ಚು ತೇಲಿಸುವುದರಿಂದ ಈಜುಕೊಳದವರಿಗೆ ಸ್ವಲ್ಪ ಲಾಭ, ಅಲೆಗಳಿಂದ ಅದಕ್ಕೂ ಮೀರಿ ನಷ್ಟ. ಸೈಕಲ್ಲಿನಲ್ಲಿ ಗಾಳಿ ದಪ್ಪ, ಪ್ರಸ್ಥಭೂಮಿಯ ಸಣ್ಣ ಲಾಭ ಅಲ್ಲಿ ಕೈತಪ್ಪುತ್ತದೆ. ಓಟದಲ್ಲಿ ಆಮ್ಲಜನಕ ಹೆಚ್ಚು ಸಿಗುತ್ತದೆ ನಿಜ, ಆದರೆ ಮಳೆಗಾಲ ಆಗಷ್ಟೇ ಮುಗಿದ ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ. ಹೊಸಕೋಟೆಯ ಅಕ್ಟೋಬರ್ ಬೆಳಿಗ್ಗೆ 20 ಡಿಗ್ರಿಯ ಆಸುಪಾಸಿನಲ್ಲಿ ಓಡಿದ ವೇಗವನ್ನು 30 ಡಿಗ್ರಿ ದಾಟಿದ ಹಗಲಿನಲ್ಲಿ ಹಿಡಿಯಹೋದವರು ಅರ್ಧ ದಾರಿಯಲ್ಲೇ ನಡೆಯತೊಡಗುತ್ತಾರೆ. ಸೆಖೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಎತ್ತರದಲ್ಲಿ ಅಭ್ಯಾಸ ಮಾಡಿ ಬಂದಿದ್ದೇವೆ ಎಂಬ ಬೆಂಗಳೂರಿಗರ ನೆಚ್ಚಿಕೆಯೂ ಹೆಚ್ಚು ಕೆಲಸಕ್ಕೆ ಬಾರದು. ರಕ್ತದಲ್ಲಿ ಗಣನೀಯ ಬದಲಾವಣೆಗೆ ಎರಡು ಸಾವಿರ ಮೀಟರಿನ ಎತ್ತರ ಬೇಕು; ಭಾರತದ ಓಟಗಾರರು ಅದಕ್ಕೆ ಊಟಿಗೆ ಹೋಗುತ್ತಾರೆ.

ಊರೂರಿನ ಸಮಯಗಳನ್ನು ಒಂದೇ ಪಟ್ಟಿಗೆ ತರುವ ಗೋಜಿಗೆ ಸ್ಪರ್ಧೆ ನಡೆಸುವವರೂ ಹೋಗಿಲ್ಲ. ವಿಶ್ವ ಚಾಂಪಿಯನ್‌ಷಿಪ್ಪಿಗೆ ಹವ್ಯಾಸಿಗಳು ಆಯ್ಕೆಯಾಗುವುದು ಇಷ್ಟು ಗಂಟೆಯೊಳಗೆ ಮುಗಿಸಿದರೆಂದಲ್ಲ. ಪ್ರತಿ ಊರಿನ ಸ್ಪರ್ಧೆಗೆ ಇಷ್ಟು ಸ್ಥಾನಗಳೆಂದು ಹಂಚಿ, ಅವುಗಳನ್ನು ಆ ದಿನ ಆ ಪಥದಲ್ಲಿ ಮುಂದೆ ಬಂದವರಿಗೆ ವಯೋಗುಂಪಿನ ಪ್ರಕಾರ ಕೊಡುತ್ತಿದ್ದರು. 2026ರ ಸ್ಪರ್ಧೆಗಳಿಗೆಂದು ಬಂದ ಹೊಸ ಪದ್ಧತಿಯಲ್ಲಿ ವಯಸ್ಸಿಗೂ ಲಿಂಗಕ್ಕೂ ತಕ್ಕ ಗುಣಕದಿಂದ ಸಮಯವನ್ನು ಸರಿದೂಗಿಸಿ ಸಾಲು ಹಚ್ಚುತ್ತಾರೆ. ಅಲ್ಲಿಯೂ ಹೋಲಿಕೆ ಒಂದೇ ಸ್ಪರ್ಧೆಯೊಳಗಿನವರ ನಡುವೆ ಮಾತ್ರ. ಮ್ಯಾರಥಾನಿನಲ್ಲಿ ಹೀಗಿಲ್ಲ: ಬೋಸ್ಟನ್ ಓಟಕ್ಕೆ ಸೇರಬಯಸುವವರು ಬೇರೆ ಯಾವುದೋ ಊರಿನ ಮಾನ್ಯ ಪಥದ ಸಮಯವನ್ನೇ ತೋರಿಸುತ್ತಾರೆ. ಟ್ರಯಥ್ಲಾನಿನಲ್ಲಿ ಗೋವೆಯ ಸಮಯಕ್ಕೆ ಗೋವೆಯಲ್ಲಷ್ಟೇ ಬೆಲೆ, ರೋಟ್‌ನದಕ್ಕೆ ರೋಟ್‌ನಲ್ಲಿ.